ಘೋಡಾದ ಬೋಲ್ಟಿಗೆ ಭಂಡಾರ

ಚಿಂತೆ ಮಾಡುವುದಕ್ಕೂ ಸಂಬಳ ಸಿಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ನನ್ನ ಅರ್ಧ ಆಯುಷ್ಯವನ್ನು ನಾನು ಹೀಗೆ ಪುಕ್ಕಟೆಯಾಗಿ ಚಿಂತಿಸಿ ಕಳೆಯುತ್ತಿರಲಿಲ್ಲ. ಪುಣೆಯ ಕೊಂಢವಾ ಭಾಗದ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಬಿಲ್ಲು ಬರೆಯುವ ಕಾರಕೂನನಾಗಿದ್ದೆ. ಬರೆಯುವುದು ಬಿಲ್ಲು, ಕಣ್ಣು ಮಾತ್ರ ಕಿಟಕಿಯ ಆಚೆಗೆ. ಗಾಡಿ ಹೊರಟಿತೆಂದರೆ ಪೆನ್ನು ಬಿಟ್ಟು ಓಡಿಹೋಗಿ, ಹವಾ ನೋಡಿದಿರಾ, ತಾಡಪತ್ರಿ ಬಿಗಿದಿರಾ, ಹಿಂದಿನ ಲೈಟು ಹತ್ತುತ್ತದೆಯೇ ಎಂದು ಕೇಳಿ, ಡ್ರೈವರ್ ಎಲ್ಲಕ್ಕೂ ಹೌದು ಎಂದರೆ, ಇಷ್ಟು ಸುಲಭವಾಗಿ ಹೌದು ಎಂದನಲ್ಲ ಎಂದು ಮತ್ತೊಂದು ಸುತ್ತು ಚಿಂತೆ ಮಾಡುತ್ತಿದ್ದೆ. ಇದನ್ನು ಬಹಳ ದಿನ ನೋಡಿದ ನಮ್ಮ ಮಾಲಕರು, ಎಲ್ಲರೂ ಭಾವೂಸಾಹೇಬ ಎಂದು ಕರೆಯುವ ಮರಾಠಿ ಗೃಹಸ್ಥರು, ಒಂದು ದಿನ ಕರೆದು, "ನೀವು ಚಿಂತೆ ಮಾಡುವುದು ಬಿಡುವುದಿಲ್ಲ, ನನ್ನ ಬಿಲ್ಲಿನಲ್ಲಿ ತಪ್ಪು ಬರುವುದೂ ನಿಲ್ಲುವುದಿಲ್ಲ. ಅದೇ ಚಿಂತೆಯನ್ನು ಕುರ್ಚಿಯ ಬದಲು ಗಾಡಿಯ ಕೆಳಗೆ ಕೂತು ಮಾಡಿ" ಎಂದರು. ಹೀಗೆ ಬಿ.ಕಾಂ. ಪಾಸಾದ ನಾನು ಮೇಂಟೆನೆನ್ಸ್ ಇನ್‌ಚಾರ್ಜ್ ಆದೆ. ಪಾನಾ, ಅಂದರೆ ಸ್ಪ್ಯಾನರು, ಹಿಡಿದು ಬಿಗಿಯುವವನು ಮೆಕ್ಯಾನಿಕ್ ದಸ್ತಗೀರ. ಬಿಗಿಯಿತೋ ಇಲ್ಲವೋ ಎಂದು ಒದ್ದಾಡುವವನು ನಾನು. ಇಬ್ಬರೂ ನಮ್ಮ ನಮ್ಮ ಕೆಲಸದಲ್ಲಿ ಪಳಗಿದವರು.

ನನ್ನ ಚಿಂತೆಗಳಿಗೆಲ್ಲ ರಾಜನಾಗಿ ಕೂತದ್ದು ಫಿಫ್ತ್ ವ್ಹೀಲ್. ಐದನೆಯ ಚಕ್ರ. ಇದು ಏನೆಂದು ಹೇಳಿಬಿಡುತ್ತೇನೆ. ಟ್ರೇಲರ್ ಲಾರಿ ಎಂದರೆ ಎರಡು ತುಂಡು. ಹಿಂದಿನದು ಸಾಮಾನು ಹೊರುವ ಉದ್ದನೆಯ ಟ್ರೇಲರ್. ಮುಂದಿನದು ಎಂಜಿನ್ನು ಕ್ಯಾಬಿನ್ನು ಇರುವ ಎಳೆಯುವ ತುಂಡು; ಅದಕ್ಕೆ ಈ ಕಡೆ ಎಲ್ಲರೂ 'ಘೋಡಾ' ಎನ್ನುತ್ತಾರೆ, ಅಂದರೆ ಕುದುರೆ. ಈ ಕುದುರೆಯ ಬೆನ್ನಿನ ಮೇಲೆ ಜೀನು ಹಾಕಿದಂತೆ ಒಂದು ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ. ಟ್ರೇಲರಿನ ಹೊಟ್ಟೆಯ ಕೆಳಗಿನ ಗೂಟ ಬಂದು ಈ ತಟ್ಟೆಯ ಬಾಯಲ್ಲಿ ಸಿಕ್ಕಿಕೊಂಡರೆ ಮದುವೆಯಾದಂತೆ, ಆಮೇಲೆ ಘಾಟಾಗಲಿ ಹೆದ್ದಾರಿಯಾಗಲಿ ಕೂಡಿಯೇ ಸಾಗಬೇಕು. ಆ ತಟ್ಟೆಯ ಹೆಸರೇ ಫಿಫ್ತ್ ವ್ಹೀಲ್. ಅದು ಚಕ್ರವೂ ಅಲ್ಲ, ಐದನೆಯದೂ ಅಲ್ಲ. ನಮ್ಮ ಘೋಡಾಕ್ಕೆ ಟೈರುಗಳೇ ಹತ್ತು. ತಟ್ಟೆಯನ್ನು ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಹಿಡಿದಿಡುವುದು ಎರಡೂ ಪಕ್ಕದಲ್ಲಿ ಸಾಲಾಗಿರುವ ಹೆಬ್ಬೆರಳು ಗಾತ್ರದ ಬೋಲ್ಟುಗಳು. ಇಡೀ ಟ್ರೇಲರಿನ ಸೆಳೆತ, ತಳ್ಳಾಟ, ಬ್ರೇಕು ಹಾಕಿದಾಗಿನ ಸಿಟ್ಟು ಎಲ್ಲ ಅವುಗಳ ಕೊರಳಿಗೆ. ಇಷ್ಟು ಗೊತ್ತಾದ ಮೇಲೆ ಯಾವ ಮನುಷ್ಯನಿಗೆ ನಿದ್ದೆ ಬಂದೀತು? ದಸ್ತಗೀರನಿಗೆ ಬರುತ್ತದೆ. ಮಧ್ಯಾಹ್ನದಲ್ಲೂ ಬರುತ್ತದೆ. ವಿಜಯಪುರದ ನನ್ನ ಅತ್ತೆಯವರಂತೂ, ಅಳಿಯ ದಿನವೂ ಫೋನಿನಲ್ಲಿ ಘೋಡಾ ಘೋಡಾ ಎನ್ನುವುದನ್ನು ಕೇಳಿ, ನಾನು ಪುಣೆಯ ರೇಸಿನ ಕುದುರೆಗಳಿಗೆ ಹುಲ್ಲು ಹಾಕುತ್ತೇನೆಂದು ತಿಳಿದು, ಓಣಿಯಲ್ಲಿ ನನ್ನ ಕೆಲಸದ ಮಾತು ಬಂದರೆ ವಿಷಯ ಬದಲಿಸುತ್ತಿದ್ದರಂತೆ.

ಬೋಲ್ಟು ಸಡಿಲಾದರೆ ಅಪಾಯ ಎನ್ನುವುದು ಎಲ್ಲರಿಗೂ ತಿಳಿಯುವ ಮಾತು. ಆದರೆ ಅತಿಯಾಗಿ ಬಿಗಿದರೂ ಅಪಾಯವೇ. ಒಳಗೊಳಗೇ ಜಗ್ಗಿ ಉದ್ದವಾಗಿ ಸೋತುಹೋಗುತ್ತದೆ, ಮೇಲಿನಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಇದನ್ನು ಕೇಳಿದ ದಿನ ನನ್ನ ಚಿಂತೆಗೆ ಎರಡನೆಯ ಬಾಗಿಲೂ ತೆರೆಯಿತು. ಅದಕ್ಕೆಂದೇ ಟಾರ್ಕ್ ಪಾನಾ ಎಂಬ ಉದ್ದ ಹಿಡಿಕೆಯ ಪಾನಾ ಇದೆ; ಎಷ್ಟು ಬೇಕೋ ಅಷ್ಟು ಬಿಗಿಯಾದ ಕೂಡಲೇ 'ಟಕ್' ಎಂದು ಸಾಕು ಎನ್ನುತ್ತದೆ. ಅದರ ಬಗ್ಗೆ ನಾನು ಮನೆಯಲ್ಲಿ ಬಹಳ ಹೊಗಳಿದಾಗ ನನ್ನ ಹೆಂಡತಿ ಸುಮಂಗಲಾ, "ಹಂಥಾದೊಂದು ನಿಮ್ಮ ತಲಿಗೂ ಕೂಡಿಸಿದ್ರ ಭಾಳ ಚಲೋ ಆಗ್ತಿತ್ತು ನೋಡ್ರಿ. ಒಂದು ಟಕ್ ಅಂದ ಕೂಡಲೇ ಸುಮ್ಮನಾಗ್ತಿದ್ರಿ" ಎಂದಳು.

ಬಿಗಿದಾದ ಮೇಲೆ ನಟ್ಟಿನಿಂದ ಅದರ ಕೆಳಗಿನ ಕಬ್ಬಿಣದವರೆಗೆ ಬಣ್ಣದಲ್ಲಿ ಒಂದು ನೆಟ್ಟಗಿನ ಗೆರೆ ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಸೊಟ್ಟಗಾಗುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ನನ್ನಂಥವರಿಗೆಂದೇ ಯಾರೋ ಪುಣ್ಯಾತ್ಮ ಹುಡುಕಿದ ಉಪಾಯ. ಪಕ್ಕದ ನಂಬರ್ ಪ್ಲೇಟ್ ಬರೆಯುವವನ ಹತ್ತಿರ ಬಿಳಿ ಬಣ್ಣ ಮುಗಿದಿತ್ತು, ಹಳದಿ ತಂದೆ. ಆ ಗೆರೆಗಳು ನನಗೆ ಎಷ್ಟು ಸಮಾಧಾನ ಕೊಟ್ಟವೆಂದರೆ ಉಳಿದ ಬಣ್ಣವನ್ನು ಮನೆಗೆ ಒಯ್ದು ಗ್ಯಾಸಿನ ರೆಗ್ಯುಲೇಟರು, ಕುಕ್ಕರಿನ ಹಿಡಿಕೆ, ಮಂಚದ ಕಾಲು, ಬಾಗಿಲಿನ ಚಿಲಕ ಎಲ್ಲಕ್ಕೂ ಒಂದೊಂದು ಗೆರೆ ಎಳೆದೆ. ಎದುರುಮನೆಯ ಮರಾಠಿ ಕಾಕು ನಮ್ಮ ಚಿಲಕವನ್ನು ನೋಡಿ, ಇದು ಕರ್ನಾಟಕದ ಕಡೆಯ ಯಾವುದೋ ವ್ರತವಿರಬೇಕೆಂದು ತಮ್ಮ ಚಿಲಕಕ್ಕೂ ಅರಿಸಿನ ಹಚ್ಚಿದರು. ಆಗಲೇ ನಾನು ಎಚ್ಚರಾಗಬೇಕಿತ್ತು. ಎಲ್ಲದರ ಬಗ್ಗೆ ಚಿಂತೆ ಮಾಡುವ ನಾನು ಆ ಒಂದರ ಬಗ್ಗೆ ಮಾತ್ರ ನಕ್ಕು ಸುಮ್ಮನಾದೆ.

ಕಳೆದ ಚಳಿಗಾಲದಲ್ಲಿ ನಮ್ಮ ಆಫೀಸಿಗೆ ಹೊಸ ಘೋಡಾ ಬಂತು. ಬಂದ ದಿನವೇ ಅದರ ಬೋಲ್ಟುಗಳಿಗೂ ಹಳದಿ ಗೆರೆ ಎಳೆದೆ. ಅದನ್ನು ಓಡಿಸುವ ಭಾಗ್ಯ ಶಿವರಾಯನದು. ಶಿವರಾಯ ಕಲಬುರಗಿ ಕಡೆಯವನು, ನನ್ನ ಓರಗೆಯವನು. ನನ್ನ ಪ್ರಶ್ನೆಗಳಿಗೆಲ್ಲ ಸಿಟ್ಟಾಗದೆ ಉತ್ತರ ಹೇಳುವ ಒಬ್ಬನೇ ಡ್ರೈವರ್. ಸೋಮವಾರ ಮಧ್ಯಾಹ್ನ ಅವನು ಕಲಬುರಗಿಗೆ ಲೋಡು ಒಯ್ಯಬೇಕಿತ್ತು. ಅದೂ ಬರೀ ಲೋಡಲ್ಲ. ಅವನ ಮಗಳು ಹಡೆದಿದ್ದಳು, ಮರುದಿನ ಸಂಜೆ ಮೊಮ್ಮಗಳ ತೊಟ್ಟಿಲ ಕಾರ್ಯ. ಪುಣೆಯಲ್ಲೇ ಆರಿಸಿ ಕೊಂಡ ಬಣ್ಣದ ಕಟ್ಟಿಗೆಯ ತೊಟ್ಟಿಲು ಬಿಚ್ಚಿದ ತುಂಡುಗಳಾಗಿ ಅವನ ಕ್ಯಾಬಿನ್ನಿನಲ್ಲಿ ಕಂಬಳಿ ಹೊದ್ದು ಮಲಗಿತ್ತು. ಗಾಡಿ ತಡವಾದರೆ ತೊಟ್ಟಿಲೂ ಇಲ್ಲ, ತೊಟ್ಟಿಲು ತರುವ ಅಜ್ಜನೂ ಇಲ್ಲ.

ಹೊರಡುವ ಮುನ್ನ ಹೊಸ ಗಾಡಿಗೆ ಪೂಜೆ ಆಗಬೇಕಲ್ಲ. ಭಾನುವಾರ ಶಿವರಾಯ ಊರಿನಿಂದ ಬಂದಿದ್ದ ತನ್ನ ತಾಯಿ ಮಲ್ಲವ್ವನನ್ನು ಕೂರಿಸಿಕೊಂಡು, ಟ್ರೇಲರ್ ಇಲ್ಲದ ಬರೀ ಘೋಡಾವನ್ನು ಪುಣೆಯ ಹತ್ತಿರದ ಖಂಡೋಬನ ಕ್ಷೇತ್ರ ಜೇಜುರಿಗೆ ಒಯ್ದ. ಮರಾಠಿಗರ ಖಂಡೋಬನೇ ನಮ್ಮ ಮೈಲಾರದ ಮಲ್ಲಯ್ಯ. ಕುದುರೆ ಏರುವ ದೇವರು. ಕುದುರೆ ಏರುವ ದೇವರಿಗೆ ಕುದುರೆಯನ್ನೇ ತೋರಿಸುವುದು ಸರಿಯಾಗಿಯೇ ಇತ್ತು. ಆದರೆ ಅಲ್ಲಿ ಭಂಡಾರವೆಂಬ ಅರಿಸಿನ ಪುಡಿಯನ್ನು ಮುಷ್ಟಿ ಮುಷ್ಟಿ ಎರಚುತ್ತಾರೆ. ಮೆಟ್ಟಿಲು, ಗೋಡೆ, ಮನುಷ್ಯರ ಹುಬ್ಬು, ಚಹಾದ ಕಪ್ಪು ಎಲ್ಲ ಹಳದಿ. ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಸೋಮವಾರ ಮುಂಜಾನೆ ಯಾರ್ಡಿಗೆ ಹೋದರೆ ಘೋಡಾ ಚಿನ್ನದ ಮೂರ್ತಿಯ ಹಾಗೆ ಹೊಳೆಯುತ್ತ ನಿಂತಿದೆ. ತಟ್ಟೆಯ ಮೇಲಿನ ಗ್ರೀಸಿನಲ್ಲಿ ಭಂಡಾರ ಕಲೆತು ಥೇಟ್ ಕಡಲೆಹಿಟ್ಟಿನ ಝುಣಕದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಎರಡು ಭಕ್ಕರಿ ಇಟ್ಟಿದ್ದರೆ ನಾಷ್ಟಾ ಆಗುತ್ತಿತ್ತು. ನಾನು ಬಗ್ಗಿ ಬೋಲ್ಟುಗಳನ್ನು ನೋಡಿದೆ. ಆಶ್ಚರ್ಯ! ಗೆರೆಗಳು ಮುಚ್ಚಿಹೋಗಿರಲಿಲ್ಲ. ನಾನು ಎಳೆದದ್ದಕ್ಕಿಂತ ದಪ್ಪವಾಗಿ, ನೆಟ್ಟಗೆ, ಒಂದೊಂದು ಬೋಲ್ಟಿನ ಮೇಲೂ ಹೊಳೆಯುತ್ತಿದ್ದವು. ಅಷ್ಟೇ ಅಲ್ಲ, ನಾನು ಎಂದೂ ಗೆರೆ ಎಳೆಯದ ಮಡ್‌ಗಾರ್ಡಿನ ಬೋಲ್ಟಿಗೂ, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೂ ಗೆರೆ ಇತ್ತು.

"ಶಿವರಾಯಾ, ಇದೇನೋ?" ಎಂದೆ.

"ಅವ್ವ ಹಚ್ಯಾಳ್ರಿ ಸರ," ಎಂದು ಅವನು ಹಲ್ಲು ಬಿಟ್ಟ. "ನಿಮ್ಮ ಗೆರಿ ನೋಡಿ ಭಾಳ ಖುಷಿ ಆದಳ್ರಿ. 'ಪ್ರತಿ ಬೋಲ್ಟಿಗೂ ಭಂಡಾರ ಹಚ್ಯಾನಲ್ಲೋ, ನಿಮ್ಮ ಆಫೀಸನಾಗ ಯಾವನೋ ದೊಡ್ಡ ಭಕ್ತ ಅದಾನ' ಅಂದ್ಲು. ಧೂಳಾಗ ಮಾಸ್ಯಾವಂತ ಎಣ್ಣ್ಯಾಗ ಭಂಡಾರ ಕಲಿಸಿ ಎಲ್ಲಾ ಒರಿಸಿ ಹೊಸದಾಗಿ ಎಳದಾಳ."

"ಅದು ಭಂಡಾರ ಅಲ್ಲ ಅಂತ ನೀ ಹೇಳಲಿಲ್ಲೇನು?"

"ಹೇಳಾಕ ಹೋದ್ಯಾರಿ. 'ಹಂಗಾದ್ರ ಆ ಮನಷ್ಯಾ ದಿನಾ ಮುಂಜಾನಿ ಬಗ್ಗಿ ಬಗ್ಗಿ ಒಂದೊಂದೂ ಮುಟ್ಟಿ ತುಟಿ ಅಲಗಾಡಸ್ತಾನಂತ ನೀನ ಹೇಳಿದ್ದಿಯಲ್ಲಾ, ಅದೇನು?' ಅಂದ್ಲು. ನಾ ಎಣ್ಣಿ ಬಟ್ಟಲ ಹಿಡಕೊಂಡು ನಿಂತ್ಯಾರಿ."

ಬೋಲ್ಟು ಎಣಿಸುವಾಗ ನನ್ನ ತುಟಿ ಅಲ್ಲಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ದಸ್ತಗೀರ ಟಾರ್ಕ್ ಪಾನಾ ಹೆಗಲ ಮೇಲೆ ಇಟ್ಟುಕೊಂಡು ಬಂದು, "ಚಿಂತಿ ಬಿಡ್ರಿ ಸರ, ನೀವು ಬರೂದಕಿಂತ ಮೊದಲ ಎಲ್ಲಾ ಒಂದ್ಸಲ ನೋಡೇನಿ. ಎಲ್ಲಾನೂ ಟಕ್ ಅಂದಾವ" ಎಂದ. ನಾನು ಹರ್ಷದಿಂದ ಅವನನ್ನು ಅಪ್ಪಿಕೊಳ್ಳಬೇಕು, ಅಷ್ಟರಲ್ಲಿ ಶಿವರಾಯ ತಲೆ ಕೆರೆಯುತ್ತ ಇನ್ನೊಂದು ಮಾತು ಹೇಳಿದ. "ಒಂದರದು ಅಷ್ಟ ಗೆರಿ ಸೊಟ್ಟ ಹೋಗಿತ್ತಂತ್ರಿ. 'ಪಾಪ, ಭಕ್ತಗ ಕೈ ನಡುಗಿರಬೇಕು' ಅಂತ ಅವ್ವ ಅದನ್ನ ಎಣ್ಣಿಲೆ ತಿಕ್ಕಿ ತಿಕ್ಕಿ ತಗದು ನೆಟ್ಟಗ ಮಾಡ್ಯಾಳ."

ನನ್ನ ಜೀವಮಾನದ ಚಿಂತೆಯೆಲ್ಲ ಯಾವ ಒಂದು ಸೊಟ್ಟ ಗೆರೆಗಾಗಿ ಕಾದುಕೊಂಡಿತ್ತೋ, ಅದು ಕೊನೆಗೂ ಬಂದಿತ್ತು. ಬಂದದ್ದನ್ನು ಮಲ್ಲವ್ವ ಭಕ್ತಿಯಿಂದ ತಿದ್ದಿ ಕಳುಹಿಸಿದ್ದಳು.

"ಸೊಟ್ಟ ಆಗಿದ್ರ ಏನಾತರಿ, ಈಗ ಬಿಗಿ ಮಾಡೇನಲ್ಲ. ಯಾವುದೋ ಒಂದು ಟಕ್ ಅನ್ನೂಕಿಂತ ಮೊದಲ ಒಂದೀಟು ತಿರುಗಿತ್ತು ಖರೆ, ಪಾನಾ ತಾಕಿ ಕೆಟ್ಟ ಗೆರಿ ಎಲ್ಲಾ ಬೆರಳಲೆ ನೆಟ್ಟಗ ಸವರಿಬಿಟ್ಟೆ, ಯಾವುದಂತ ನಾ ಲಕ್ಷ್ಯ ಇಡಲಿಲ್ಲ" ಎಂದ ದಸ್ತಗೀರ. ಆದರೆ ಹೇಳುತ್ತ ಹೇಳುತ್ತ ಅವನ ಮುಖವೂ ಸಣ್ಣದಾಯಿತು. ಒಮ್ಮೆ ತಾನಾಗಿ ತಿರುಗಿದ ಬೋಲ್ಟು ಬಿಗಿದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ ಎನ್ನುವುದು ಅವನಿಗೂ ಗೊತ್ತು. ಅದನ್ನು ನಟ್ಟಿನ ಸಮೇತ ತೆಗೆದು ಹೊಸದು ಹಾಕಬೇಕು, ಯಾಕೆ ಸಡಿಲಾಯಿತೆಂದು ಕೆಳಗೆ ನೋಡಬೇಕು. ಅದು ಯಾವುದೆಂದು ತಿಳಿಯದೆ ಎಲ್ಲವನ್ನೂ ಬದಲಿಸೋಣವೆಂದರೆ ನಮ್ಮ ಸ್ಟೋರಿನಲ್ಲಿ ಆ ದರ್ಜೆಯ ಬೋಲ್ಟು ಇದ್ದದ್ದು ಒಂದೇ ಒಂದು. ಅಂಗಡಿಯವನು ಉಳಿದವನ್ನು ನಾಳೆ ಕೊಡುತ್ತೇನೆಂದ. ನಾಳೆ ಎಂದರೆ ತೊಟ್ಟಿಲು ಕಾರ್ಯ ಮುಗಿದಂತೆ. ಶಿವರಾಯ ಕ್ಯಾಬಿನ್ನಿನ ಕಡೆ ಒಂದು ಸಲ ನೋಡಿದ, ಅಷ್ಟೆ. ನಾನು ಗಾಡಿ ಬಿಡುವುದಿಲ್ಲ ಎಂದರೂ ಅವನು ಎದುರಾಡುವುದಿಲ್ಲ, ಹೋಗು ಎಂದರೆ ಹೋಗಿಯೂ ಬಿಡುತ್ತಾನೆ. ಎರಡೂ ನನ್ನ ಬಾಯಿಂದ ಬರಬೇಕು. ಆ ಗಳಿಗೆಯಲ್ಲಿ ನನಗೆ ಬಿಲ್ಲು ಬರೆಯುವ ಕೆಲಸ ಬಹಳ ಚಂದ ಕಂಡಿತು.

ದಾರಿ ಒಂದೇ: ಯಾವ ಬೋಲ್ಟೆಂದು ಮಲ್ಲವ್ವನನ್ನೇ ಕೇಳುವುದು. ಅವಳು ಮುಂಜಾನೆಯೇ ಸ್ವಾರಗೇಟಿನಿಂದ ಕಲಬುರಗಿಯ ಬಸ್ಸು ಹತ್ತಿದ್ದಳು. ಶಿವರಾಯ ಫೋನು ಹಚ್ಚಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟ.

"ಅವ್ವಾ, ನಾನು ಆಫೀಸಿನಾಂವ. ಆ ಗೆರಿ ಎಳದಾಂವ."

"ಯಪ್ಪಾ, ನೀನಾ! ನಿನಗ ಮಲ್ಲಯ್ಯ ಚಲೋ ಇಟ್ಟಿರಲಿ. ನಿನ್ನಂಥಾ ಭಕ್ತರು ಈಗಿನ ಕಾಲದಾಗ ಎಲ್ಲಿ ಅದಾರೋ ತಮ್ಮಾ!"

ಬೇರೆ ಸಮಯದಲ್ಲಾಗಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ. "ಆತು ಅವ್ವಾ. ಕುದುರಿಗೆ ಗೆರಿ ಎಳಿಯೋ ಮುಂದ ಒಂದು ಸೊಟ್ಟ ಇತ್ತಂತಲ್ಲ, ಅದು ಯಾವ ಕಡಿದು?"

ಬಸ್ಸಿನ ಗದ್ದಲದಲ್ಲಿ ಯಾರೋ, ಕುದುರಿಗೆ ಏನಾಗೇದಂತ, ಎಂದು ಕೇಳಿದ್ದು ಕಿವಿಗೆ ಬಿತ್ತು. ಮತ್ತ್ಯಾರೋ, ಕಾಲು ಸೊಟ್ಟ ಆಗ್ಯಾದಂತ, ಎಂದರು. ಮೂರನೆಯ ದನಿ, ಬೆಲ್ಲ ಅಜವಾನ ಕೂಡಿಸಿ ತಿನ್ನಸ್ರಿ, ಎಂದಿತು. ಈ ಸಲಹೆಗಳ ನಡುವೆ ಮಲ್ಲವ್ವ ಕೂಗಿ ಹೇಳಿದಳು: "ಪ್ರದಕ್ಷಿಣಿ ಹಾಕೋತ ಹಚ್ಚೀನೋ ತಮ್ಮಾ. ಎಲ್ಲಾಕಿಂತ ಕಡೀಗೆ ಬಂತು ನೋಡು, ಅದು!"

"ಶುರು ಎಲ್ಲಿಂದ ಮಾಡಿದ್ದಿ ಅವ್ವಾ? ಮುಂದಿಂದೋ, ಹಿಂದಿಂದೋ?"

"ಹುಚ್ಚ ಅದೀ ಏನು! ಕುದುರಿ ಹಿಂದಿಂದ ಯಾರರ ಶುರು ಮಾಡ್ತಾರ? ಒದ್ದರ?"

ಫೋನು ಕಡಿಯಿತು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಗಾಡಿಯ ಪಕ್ಕದಲ್ಲಿ ಎಡ ಬಲ ಎಂದು ಲೆಕ್ಕ ಹಾಕಲು ಹೋದರೆ, ಎದುರಿಗೆ ನಿಂತವನ ಎಡವೋ ಡ್ರೈವರನ ಎಡವೋ ಎಂದು ನಮ್ಮಲ್ಲೇ ವಾದ ಶುರುವಾಯಿತು. ಕೊನೆಗೆ ಶಿವರಾಯ, "ಲೆಕ್ಕ ಯಾಕ್ರಿ ಸರ, ಸುತ್ತೇ ಬಿಡೂಣು" ಎಂದು ಚಪ್ಪಲಿ ಕಳೆದ. ಅವನು ಮುಂದೆ, ನಾನು ಹಿಂದೆ, ನನ್ನ ಹಿಂದೆ ಪಾನಾ ಹಿಡಿದ ದಸ್ತಗೀರ. "ನಿನಗ ನಡೀತದೇನೋ?" ಎಂದು ಕೇಳಿದರೆ ಅವನು, "ದಿನಾ ಗಾಡಿ ಸುತ್ತ ಸುತ್ತೂದ ನನ್ನ ಕೆಲಸ ಅಲ್ರಿ. ಇವತ್ತ ನೀವು ಜತೀಗೆ ಬಂದೀರಿ, ಅಷ್ಟ" ಎಂದ.

ಘೋಡಾದ ಮುಖದ ಮುಂದೆ ಕೈ ಮುಗಿದು, ಅದನ್ನು ಬಲಕ್ಕಿಟ್ಟುಕೊಂಡು ಹೊರಟೆವು. ಡ್ರೈವರನ ಕಡೆಯ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟುತ್ತ ಹಿಂದಕ್ಕೆ ಹೋಗಿ, ಒದ್ದೀತೆಂದು ಸ್ವಲ್ಪ ದೂರದಿಂದಲೇ ತಿರುವು ತೆಗೆದುಕೊಂಡು, ಕ್ಲೀನರನ ಕಡೆಯಿಂದ ಮುಂದಕ್ಕೆ ಬರುವಷ್ಟರಲ್ಲಿ ಗೇಟಿನಲ್ಲಿ ಭಾವೂಸಾಹೇಬರ ಕಾರು ಬಂದು ನಿಂತಿತು. ಅವರು ಇಳಿದು ನೋಡಿದರು. ಅರಿಸಿನ ಮೆತ್ತಿದ ಹೊಸ ಗಾಡಿ. ಅದರ ಸುತ್ತ ಬರಿಗಾಲಿನಲ್ಲಿ ಸಾಲಾಗಿ ಸುತ್ತುವ ಡ್ರೈವರ್, ಮೇಂಟೆನೆನ್ಸ್ ಇನ್‌ಚಾರ್ಜ್, ಮೆಕ್ಯಾನಿಕ್. ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, ಬೂಟು ಬಿಚ್ಚಿ, "ಯಳಕೋಟ ಯಳಕೋಟ ಜಯ ಮಲ್ಹಾರ!" ಎಂದು ಖಂಡೋಬನಿಗೆ ಜಯಕಾರ ಕೂಗಿ ದಸ್ತಗೀರನ ಹಿಂದೆ ಸೇರಿಕೊಂಡರು. ಶಿವರಾಯ ಮುಂದಿನಿಂದ "ಏಳುಕೋಟಿ ಏಳುಕೋಟಿಗೋ!" ಎಂದ. ಮಾಲಕರು ಸುತ್ತುವಾಗ ನಡುವೆ ನಿಲ್ಲುವಂತಿಲ್ಲ. ಬೋಲ್ಟು ಸಿಕ್ಕ ಮೇಲೂ ನಾವು ಇನ್ನೂ ಎರಡು ಸುತ್ತು ಹಾಕಿದೆವು. ಟೈರಿನವನು, ಕಾವಲುಗಾರ, ಚಹಾದವನು ಎಲ್ಲ ಕೂಡಿಕೊಂಡರು. ಚಿಂತೆಯ ನಡುವೆ ಅಷ್ಟು ನಕ್ಕದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಕಡೆಗೆ ಬಂದ ಬೋಲ್ಟು ಕ್ಲೀನರನ ಕಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನದು. ದಸ್ತಗೀರ ನಟ್ಟು ಬಿಚ್ಚಿ ವಾಷರು ತೆಗೆದ. ಅದರ ಕೆಳಗೆ ದಪ್ಪಗೆ ಹೊಸ ಬಣ್ಣ. ಯಾರೋ ಚಾಸಿಗೆ ಬಣ್ಣ ಬಳಿಯುವಾಗ ಅಲ್ಲಿ ಮಾತ್ರ ಉದಾರವಾಗಿ ಬಳಿದು, ಅದರ ಮೇಲೆಯೇ ವಾಷರು ಕೂರಿಸಿದ್ದರು. ಗಾಡಿ ಓಡಿದಾಗ ಬಣ್ಣ ನಜ್ಜುಗುಜ್ಜಾಗಿ ಎದ್ದಿತ್ತು, ಬಿಗಿ ಹೋಗಿತ್ತು. ಅಂಚಿನಲ್ಲಿ ಸಣ್ಣ ಕೆಂಪು ತುಕ್ಕಿನ ಕಲೆ ಕೂಡ ಹುಟ್ಟಿತ್ತು. "ಇದ ನೋಡ್ರಿ ಸರ. ಮುದುಕಿ ಬರೊಬ್ಬರಿ ಹೇಳ್ಯಾಳ," ಎಂದ ದಸ್ತಗೀರ. ಉಳಿದವುಗಳ ಕೆಳಗೂ ಬಣ್ಣ ಇದೆಯೇ ಎಂದು ನಾನು ಕೇಳುವ ಮೊದಲೇ ಒಂದೊಂದರ ಅಂಚನ್ನೂ ಬ್ಯಾಟರಿ ಬೆಳಕು ಬಿಟ್ಟು ತೋರಿಸಿದ; ಎಲ್ಲಾ ಸ್ವಚ್ಛ ಕಬ್ಬಿಣ. ಕೆರೆದು, ಒರೆಸಿ, ಹೊಸ ಬೋಲ್ಟು ಹೊಸ ನಟ್ಟು ಹಾಕಿ ಪಾನಾ ಎಳೆದ. ಟಕ್. ಇಷ್ಟು ಇಂಪಾದ ಶಬ್ದವನ್ನು ನಾನು ಯಾವ ಸಂಗೀತ ಕಛೇರಿಯಲ್ಲೂ ಕೇಳಿಲ್ಲ.

ಮಲ್ಲವ್ವನ ಗೆರೆಗಳನ್ನೆಲ್ಲ ಡೀಸೆಲ್ಲಿನಲ್ಲಿ ಒರೆಸಿ ನಾನು ಹೊಸದಾಗಿ ಬಣ್ಣದ ಗೆರೆ ಎಳೆದೆ. ಯಾವ ಬಣ್ಣ ಎಂದು ಕೇಳಬೇಡಿ. ಬಿಳಿ ಬಣ್ಣ ತರಿಸುತ್ತೇನೆಂದು ಎದ್ದಾಗ ಭಾವೂಸಾಹೇಬರು, "ಹಳದಿಯೇ ಇರಲಿ, ಇಷ್ಟು ಭಕ್ತಿಯಿಂದ ಮಾಡಿದ್ದೀರಿ" ಎಂದುಬಿಟ್ಟರು. ಘೋಡಾಕ್ಕೆ ಟ್ರೇಲರು ಜೋಡಿಸಿ ಆಯಿತು. ಶಿವರಾಯ ಸ್ಟೇರಿಂಗ್ ಹಿಡಿದ ಮೇಲೆ ನಾನು ಎಂದಿನಂತೆ ಓಡಿಹೋದೆ.

"ಮತ್ತೇನ್ರಿ ಸರ? ಹವಾ ನೋಡೀನಿ, ಲೈಟ್ ನೋಡೀನಿ."

"ಅದಲ್ಲೋ. ಆ ತೊಟ್ಟಿಲಕ್ಕ ಬೋಲ್ಟ್ ಅದಾವಿಲ್ಲೋ?"

ಅವನು ನಗುತ್ತ ನಗುತ್ತ ಕಂಬಳಿ ಸರಿಸಿ ಒಂದು ಪುಟ್ಟ ಡಬ್ಬಿ ಹಳದಿ ಬಣ್ಣಕ್ಕೆ ಜಾಗ ಮಾಡಿಕೊಟ್ಟ. ಕೂಡಿಸಿದ ಮೇಲೆ ಗೆರೆ ಎಳೆಯಬೇಕೆಂದು ಪದೇ ಪದೇ ಹೇಳಿ ಕಳುಹಿಸಿದೆ. ಮರುದಿನ ಸಂಜೆ ಫೋಟೋ ಬಂತು. ಬಣ್ಣಬಣ್ಣದ ತೊಟ್ಟಿಲು, ಅದರೊಳಗೆ ಮುಷ್ಟಿ ಬಿಗಿದು ಮಲಗಿದ ಕೂಸು, ಪಕ್ಕದಲ್ಲಿ ಮಲ್ಲವ್ವ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎಲ್ಲಾ ಗೆರೆ ನೆಟ್ಟಗಿದ್ದವು. ಕೂಸಿನ ಹಣೆಯ ಮೇಲೂ ಒಂದು ಇತ್ತು.

ಶಿವರಾಯ ಮರಳಿ ಬರುವಾಗ ಮಲ್ಲವ್ವ "ಆ ಭಕ್ತಗ ಕೊಡು" ಎಂದು ಒಂದು ಗಂಟು ಕೊಟ್ಟು ಕಳುಹಿಸಿದ್ದಳು. ಶೇಂಗಾ ಹೋಳಿಗೆ, ಕಾಗದದ ಪೊಟ್ಟಣದಲ್ಲಿ ಭಂಡಾರ. ನಾನು ಸುಮಂಗಲಾಗೆ ಎಲ್ಲ ಕಥೆಯನ್ನೂ ಹೇಳಿದೆ. ಪ್ರದಕ್ಷಿಣೆಯ ಭಾಗವನ್ನು ಅವಳು ಎರಡು ಸಲ ಹೇಳಿಸಿದಳು. ಆಮೇಲೆ ಪೊಟ್ಟಣ ಬಿಚ್ಚಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ನನ್ನ ಹಣೆಯ ಮೇಲಿಂದ ಮೂಗಿನವರೆಗೆ ಒಂದು ಉದ್ದ ಗೆರೆ ಎಳೆದಳು.

"ಇದೇನ?" ಎಂದೆ.

"ದಿನಾ ನೋಡ್ಕೋತೀನ್ರಿ. ಸೊಟ್ಟ ಹೋತಂದ್ರ ತಲಿ ತಿರುಗ್ಯಾದಂತ ಗೊತ್ತಾಗ್ತದ."

ಅವಳು ನಗುತ್ತ ಅಡಿಗೆಮನೆಗೆ ಹೋದಳು. ನಾನೂ ನಕ್ಕೆ. ಹೋಳಿಗೆ ತಿಂದೆ. ನೆಮ್ಮದಿಯಿಂದ ಕೂತೆ. ಸ್ವಲ್ಪ ಹೊತ್ತಾದ ಮೇಲೆ, ಸುಮ್ಮನೆ, ಹಾಗೇ ಎದ್ದು ಕನ್ನಡಿಯ ಮುಂದೆ ಹೋಗಿ ನಿಂತೆ. ಗೆರೆ ಹುಬ್ಬಿನ ಹತ್ತಿರ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳಿನಿಂದ ತಿಕ್ಕಿ ತಿಕ್ಕಿ ಅದನ್ನು ತೆಗೆದು ನೆಟ್ಟಗೆ ಮಾಡಿಕೊಂಡೆ.